ಹಳೆ ಸ್ವಿಫ್ಟ್‌ಗೆ ಒಳ್ಳೆಯ ಸದ್ದು: ಮೊದಲು ಬಾಗಿಲು, ಆಮೇಲೆ ವ್ಯಾಟ್

ಪ್ರಶ್ನೆ: ನಮ್ಮದು 2009ರ ಮಾರುತಿ ಸ್ವಿಫ್ಟ್ ಡೀಸೆಲ್. ಕೊಂಡಾಗ ಶೋರೂಮಿನಲ್ಲೇ ಹಾಕಿಸಿದ ಒಂದು ಡಿನ್ ಅಳತೆಯ (ಡ್ಯಾಶಿನಲ್ಲಿ ಒಂದೇ ಸಾಲಿನಷ್ಟು ಎತ್ತರದ) ಸಿಡಿ ಪ್ಲೇಯರ್ ಈಗ ಸಿಡಿ ಓದುತ್ತಿಲ್ಲ. ಅದರಲ್ಲಿ ಬ್ಲೂಟೂತ್ ಇಲ್ಲ. ಎಡ ಮುಂಬಾಗಿಲಿನ ಸ್ಪೀಕರ್ ಸ್ವಲ್ಪ ಜೋರು ಮಾಡಿದರೆ ಗರಗರ ಅನ್ನುತ್ತದೆ. ಅಂಗಡಿಯವರು ಆಂಡ್ರಾಯ್ಡ್ ಸ್ಕ್ರೀನ್, 1200 ವ್ಯಾಟ್ ಬಾಸ್ ಟ್ಯೂಬ್ (ಡಿಕ್ಕಿಯಲ್ಲಿಡುವ ಕೊಳವೆಯಾಕಾರದ ಬಾಸ್ ಸ್ಪೀಕರ್), ನಾಲ್ಕು ಸ್ಪೀಕರ್ ಎಲ್ಲ ಸೇರಿ 35,000 ರೂಪಾಯಿ ಹೇಳಿದ್ದಾರೆ. ನನ್ನ ಕೈಯಲ್ಲಿರುವುದು 25,000. ನಾನು ಕೇಳುವುದು ಯಕ್ಷಗಾನ, ಭಾವಗೀತೆ, ಹಳೆಯ ಸಿನಿಮಾ ಹಾಡು. ಮಗನಿಗೆ ಬಾಸ್ ಬೇಕು. ಏನು ಮಾಡಿಸಲಿ? (ಓದುಗರು, ಸಾಗರ)

ಉತ್ತರ: ಆ 1200 ವ್ಯಾಟ್ ಅನ್ನುವುದನ್ನು ಮೊದಲು ಬಿಡಿಸಿ ನೋಡೋಣ, ಹಣ ಜಾರುವ ಜಾಗ ಅದೇ. ಮತ್ತೆ ಅಂಗಡಿಗೆ ಹೋದಾಗ ಟ್ಯೂಬಿನ ಪಕ್ಕದಲ್ಲಿರುವ ಫ್ಯೂಸ್ ಮೇಲೆ ಯಾವ ಅಂಕಿ ಇದೆ ನೋಡಿ. 15 ಎಂದಿದ್ದರೆ ಅದು ಎಳೆಯಬಹುದಾದದ್ದು 15 ಆಂಪಿಯರ್. ಎಂಜಿನ್ ಓಡುವಾಗ ಸಿಗುವುದು ಸುಮಾರು 13.8 ವೋಲ್ಟ್. ಗುಣಿಸಿದರೆ 207 ವ್ಯಾಟ್. ಇದು ಒಳಗೆ ಹೋಗುವ ವಿದ್ಯುತ್ತು ಮಾತ್ರ. ಟ್ಯೂಬಿನಲ್ಲಿರುವ ಎಬಿ ಕ್ಲಾಸ್ ಎಂಬ ಬಗೆಯ ಆಂಪ್ಲಿಫೈಯರ್ (ಸದ್ದಿಗೆ ಬಲ ತುಂಬುವ ಭಾಗ) ಇದರಲ್ಲಿ ನೂರಕ್ಕೆ ಅರವತ್ತು ಪಾಲನ್ನು ಸದ್ದಿಗೆ ಕೊಟ್ಟು ಉಳಿದದ್ದನ್ನು ಶಾಖವಾಗಿ ಕಳೆಯುತ್ತದೆ. ಅಂದರೆ ಕೈಗೆ ಹತ್ತುವುದು 125 ವ್ಯಾಟ್ ಆಸುಪಾಸು. ಡಬ್ಬದ ಮೇಲಿನ 1200ಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ.

ಪ್ಲೇಯರ್‌ಗಳ ಮೇಲೆ ಬರೆದಿರುವ ‘50 ವ್ಯಾಟ್ × 4’ ಕೂಡ ಹೀಗೇ. 14.4 ವೋಲ್ಟ್‌ನ ವರ್ಗವನ್ನು 4 ಓಮ್‌ನಿಂದ ಭಾಗಿಸಿದರೆ 52 ಬರುತ್ತದೆ. ತರಂಗದ ತಲೆ, ಬುಡ ಎರಡೂ ಚಪ್ಪಟೆಯಾಗಿ ಸದ್ದು ಪೂರ್ತಿ ಒಡೆದಾಗಿನ ಲೆಕ್ಕ ಅದು. ಒಡೆಯದ ಸದ್ದು ಎಷ್ಟೇ ಒಳ್ಳೆ ಕಂಪನಿಯ ಸೆಟ್ಟಾದರೂ ಚಾನೆಲ್‌ಗೆ 15ರಿಂದ 20 ವ್ಯಾಟ್. ಇದು ಕಡಿಮೆಯೇನಲ್ಲ. ಸ್ಪೀಕರ್ ಕೊಳ್ಳುವಾಗ ವ್ಯಾಟ್ ಬಿಟ್ಟು ಸೆನ್ಸಿಟಿವಿಟಿ (ಇಷ್ಟು ವಿದ್ಯುತ್ತಿಗೆ ಎಷ್ಟು ಸದ್ದು ಎನ್ನುವ ಅಂಕಿ) ನೋಡಿ: 92 ಡೆಸಿಬೆಲ್‌ನ ಸ್ಪೀಕರ್ ಅರ್ಧ ವಿದ್ಯುತ್ತಿನಲ್ಲೇ 89 ಡೆಸಿಬೆಲ್‌ನದರಷ್ಟು ಸದ್ದು ಕೊಡುತ್ತದೆ. ಪ್ಲೇಯರ್ ಬಲದಲ್ಲೇ ಓಡಿಸುವವರಿಗೆ ಇದೊಂದೇ ಅಂಕಿ ಸಾಕು.

ಇನ್ನು ಗರಗರ. ಹೊಸದು ಕೊಳ್ಳುವ ಮೊದಲು ಅದು ಸ್ಪೀಕರಿನದೋ, ಬಾಗಿಲಿನದೋ ತಿಳಿಯಬೇಕು. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ (ಬೇಕಾದ ಕಂಪನದ ಒಂದೇ ಸ್ವರ ನುಡಿಸುವುದು) ಹಾಕಿಕೊಂಡು 40 ಹರ್ಟ್ಜ್‌ನಿಂದ 200ರವರೆಗೆ ನಿಧಾನವಾಗಿ ಏರಿಸಿ. ನಿಮ್ಮ ಸೆಟ್ಟಿಗೆ ವೈರಿನಿಂದ ಫೋನ್ ಜೋಡಿಸುವ ಆಕ್ಸ್ ಕಿಂಡಿಯೂ ಇಲ್ಲದಿದ್ದರೆ ಹೊಸ ಸೆಟ್ ಕೂರಿಸಿದ ದಿನವೇ ಇದನ್ನು ಮಾಡಿ. ಒಂದು ಕಡೆ ಗರ್ ಎಂದಾಗ ಟೋನನ್ನು ಅಲ್ಲೇ ನಿಲ್ಲಿಸಿ ಡೋರ್ ಪ್ಯಾಡನ್ನು ಅಂಗೈಯಿಂದ ಒತ್ತುತ್ತಾ ಬನ್ನಿ. ಒತ್ತಿದಾಗ ನಿಂತರೆ ಪ್ಯಾಡಿನ ಕ್ಲಿಪ್ ಮುರಿದಿದೆ, ಇಲ್ಲವೇ ಒಳಗೆ ಲಾಕಿನ ಕಂಬಿ ತಗಡಿಗೆ ಬಡಿಯುತ್ತಿದೆ. ಒತ್ತಿದರೂ ನಿಲ್ಲದಿದ್ದರೆ ಪ್ಯಾಡ್ ಬಿಚ್ಚಿಸಿ, ಸ್ಪೀಕರಿನ ಶಂಕುವನ್ನು (ಕೋನ್) ಎರಡೂ ಹೆಬ್ಬೆರಳಿಂದ ಸಮನಾಗಿ ಒಳಕ್ಕೆ ಒತ್ತಿ ಬಿಡಿ. ಕಾಗದ ಉಜ್ಜಿದಂಥ ಸದ್ದು ಬಂದರೆ ಸ್ಪೀಕರಿನೊಳಗಿನ ತಂತಿಸುರುಳಿ (ಕಾಯಿಲ್) ಹೋಗಿದೆ. ಮಲ್ಟಿಮೀಟರ್‌ನಲ್ಲಿ ಒಳ್ಳೆಯ 4 ಓಮ್ ಸ್ಪೀಕರ್ 3.2ರಿಂದ 3.8 ತೋರಿಸಬೇಕು. ಬಾಗಿಲು ತೆರೆದು ಮುಚ್ಚುವಾಗ ಸದ್ದು ಬಂದು ಹೋಗುತ್ತಿದ್ದರೆ ಸ್ಪೀಕರನ್ನು ದೂರಬೇಡಿ. ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ತೋಳಿನೊಳಗೆ ವೈರ್ ತುಂಡಾಗಿರುತ್ತದೆ. ಇಷ್ಟು ವರ್ಷ ಬಾಗಿಲು ಆಡಿದ ಗಾಡಿಯಲ್ಲಿ ಅದು ಸಹಜ.

ಗಾಡಿಯ ವಿದ್ಯುತ್ತಿನ ಆರೋಗ್ಯವನ್ನೂ ಇದೇ ಹೊತ್ತಿನಲ್ಲಿ ನೋಡಿಸಿ. ರಾತ್ರಿಯಿಡೀ ನಿಂತ ಬ್ಯಾಟರಿ ಬೆಳಗ್ಗೆ 12.6 ವೋಲ್ಟ್ ತೋರಿಸಿದರೆ ತುಂಬಿದೆ ಎಂದರ್ಥ, 12.2 ಆದರೆ ಅರ್ಧ. ಎಂಜಿನ್ ಓಡುವಾಗ, ದೀಪ ಹಾಕಿದ್ದರೂ, 13.8ರಿಂದ 14.4ರೊಳಗೆ ಇರಬೇಕು. 13ಕ್ಕಿಂತ ಕೆಳಗಿದ್ದರೆ ಆಲ್ಟರ್ನೇಟರ್ ಕಡೆ ನೋಡಬೇಕೇ ಹೊರತು ಸ್ಟೀರಿಯೊ ಕಡೆಗಲ್ಲ.

ಈಗ ಪ್ಲೇಯರ್. ನನ್ನ ಸಲಹೆ ಹೆಸರಾಂತ ಕಂಪನಿಯ ಒಂದು ಡಿನ್ ಬ್ಲೂಟೂತ್ ಸೆಟ್. ಇರುವ ಜಾಗದಲ್ಲೇ ಕೂರುತ್ತದೆ, ಡ್ಯಾಶ್ ಕೊರೆಯುವ ಕೆಲಸವಿಲ್ಲ. ಅಗ್ಗದ ಆಂಡ್ರಾಯ್ಡ್ ಸ್ಕ್ರೀನ್ ಬಗ್ಗೆ ನನಗೆ ಒಲವಿಲ್ಲ. ಕೀ ತಿರುಗಿಸಿದ ಮೇಲೆ ಅದು ಎದ್ದೇಳಲು ಕಾಯಬೇಕು, ಬಿಸಿಲಲ್ಲಿ ನಿಂತರೆ ಬಿಸಿಯಾಗುತ್ತದೆ, ಎಫ್‌ಎಂ ಹಿಡಿಯುವುದರಲ್ಲಿ ಮಂದ. ದಾರಿ ತೋರಿಸಲು ಫೋನ್ ಇದ್ದೇ ಇದೆ, ಅದಕ್ಕೊಂದು ಸ್ಟ್ಯಾಂಡ್ ಸಾಕು. ಸೆಟ್ ಆರಿಸುವಾಗ ಮೂರು ವಿಷಯ ಕೇಳಿ: ಹಿಂದೆ ಆರ್‌ಸಿಎ ಔಟ್‌ಪುಟ್ (ಆಂಪ್ಲಿಫೈಯರಿಗೆ ಸದ್ದಿನ ಸಂಕೇತ ಕೊಡುವ ಕಿಂಡಿ) ಎಷ್ಟು ಜೊತೆ ಇವೆ (ಕನಿಷ್ಠ ಎರಡು, ಮೂರಾದರೆ ಒಳ್ಳೆಯದು), ಅದರಲ್ಲೇ ಹೈಪಾಸ್ ಫಿಲ್ಟರ್ (ಗೊತ್ತಾದ ಮಟ್ಟಕ್ಕಿಂತ ಕೆಳಗಿನ ಬಾಸನ್ನು ತಡೆಯುವುದು) ಇದೆಯೇ, ಟೈಮ್ ಅಲೈನ್‌ಮೆಂಟ್ ಇದೆಯೇ. ಬಣ್ಣಬಣ್ಣದ ಲೈಟೆಲ್ಲ ಇವುಗಳ ಆಮೇಲೆ.

ವೈರಿಂಗ್‌ನಲ್ಲಿ ಒಂದು ಹಟ ಹಿಡಿಯಿರಿ. ಕಂಪನಿಯ ಕಪ್ಲರ್ (ವೈರುಗಳನ್ನು ಒಟ್ಟಿಗೆ ಸಿಕ್ಕಿಸುವ ಪ್ಲಗ್) ಕತ್ತರಿಸಲು ಬಿಡಬೇಡಿ, ಗಾಡಿಗೆ ಹೊಂದುವ ಅಡಾಪ್ಟರ್ ಕಪ್ಲರ್ ಹಾಕಿಸಿ. ಹಿಂದೆ ಯಾರಾದರೂ ಕತ್ತರಿಸಿದ್ದರೆ ವೈರ್ ತಿರುಚಿ ಕಪ್ಪು ಟೇಪ್ ಸುತ್ತಿರುತ್ತಾರೆ. ಬಿಸಿಲಿಗೆ ಆ ಟೇಪ್ ಅಂಟಾಗಿ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಬೆಸುಗೆ ಹಾಕಿಸಿ ಹೀಟ್ ಶ್ರಿಂಕ್ ಸ್ಲೀವ್ ಹಾಕಿಸಿ. ಹೊಸ ಸೆಟ್ಟಿನ ಕಡೆಯ ಬಣ್ಣಗಳು ಬಹುಮಟ್ಟಿಗೆ ಎಲ್ಲ ಕಂಪನಿಗೂ ಒಂದೇ: ಹಳದಿ ಸದಾ ಇರುವ 12 ವೋಲ್ಟ್, ಕೆಂಪು ಕೀ ಹಾಕಿದಾಗ ಬರುವ 12 ವೋಲ್ಟ್, ಕಪ್ಪು ಅರ್ಥಿಂಗ್, ನೀಲಿ-ಬಿಳಿ ಆಂಪ್ಲಿಫೈಯರನ್ನು ಎಬ್ಬಿಸುವ ತಂತಿ. ಸ್ಪೀಕರ್‌ಗೆ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದು ಮೈನಸ್. ಗಾಡಿಯ ಕಡೆಯ ಬಣ್ಣ ಇದಕ್ಕೆ ತಾಳೆಯಾಗುವುದಿಲ್ಲ, ಅದನ್ನು ಮೀಟರ್ ಹಿಡಿದೇ ಗುರುತಿಸಬೇಕು.

ಕೆಲವರು ಕೆಲಸ ಬೇಗ ಮುಗಿಯಲೆಂದು ಕೆಂಪನ್ನೂ ಹಳದಿಯನ್ನೂ ಒಟ್ಟಿಗೆ ತಿರುಚಿಬಿಡುತ್ತಾರೆ. ಆಗ ಸೆಟ್ ಪೂರ್ತಿ ಮಲಗುವುದೇ ಇಲ್ಲ, ನಾಲ್ಕು ದಿನ ನಿಂತ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಕೆಲಸ ಮುಗಿದ ಮೇಲೆ ಎಲ್ಲ ಆರಿಸಿ, ಬಾಗಿಲು ಮುಚ್ಚಿ, ಬ್ಯಾಟರಿ ಮೈನಸ್‌ನಲ್ಲಿ ಮೀಟರ್ ಇಟ್ಟು (ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ) ಅಳೆಯಿರಿ. ಕೆಲವು ನಿಮಿಷಗಳ ನಂತರ 50 ಮಿಲಿಆಂಪಿಯರ್ ದಾಟಬಾರದು. ಹಾಗೆಯೇ, ಗಾಡಿಯಲ್ಲಿ ಏರ್‌ಬ್ಯಾಗ್ ಇದ್ದರೆ ಅದರ ಕಪ್ಲರ್ ಹಳದಿ ಬಣ್ಣದ್ದು. ಅದರ ಮೇಲೆ ಟೆಸ್ಟರ್ ಆಡಿಸಲೇಬಾರದು.

ಇಷ್ಟಾದ ಮೇಲೆ ನಿಜವಾದ ಕೆಲಸ: ಮುಂಬಾಗಿಲು. ಮನೆಯ ಸ್ಪೀಕರ್ ಮರದ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಕಾರಿನಲ್ಲಿ ಆ ಪೆಟ್ಟಿಗೆ ಎಂದರೆ ಬಾಗಿಲೇ. ಹೊರಗೆ ಮುಟ್ಟಿದರೆ ಡಬಡಬ ಅನ್ನುವ ತೆಳು ತಗಡು, ಒಳಗೆ ಅಂಗೈ ತೂರುವಷ್ಟು ದೊಡ್ಡ ಕಿಂಡಿಗಳು. ಶಂಕು ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನದು ಸಡಿಲವಾಗುತ್ತದೆ. ಕಿಂಡಿಗಳ ಮೂಲಕ ಎರಡೂ ಬೆರೆತು ಒಂದನ್ನೊಂದು ತಿಂದುಹಾಕುತ್ತವೆ. ಮೊದಲು ಸಾಯುವುದು ಬಾಸ್. ಐದು ಸಾವಿರದ ಸ್ಪೀಕರ್ ಹಾಕಿಸಿಯೂ ‘ಹಳೆಯದೇ ಪರವಾಗಿಲ್ಲ’ ಅನ್ನಿಸುವುದು ಈ ಕಾರಣಕ್ಕೆ. ಮಗನಿಗೆ ಬೇಕಾದ ಬಾಸ್‌ನಲ್ಲಿ ಒಂದು ಪಾಲು ಈ ಕಿಂಡಿಗಳಲ್ಲೇ ಸೋರಿಹೋಗುತ್ತಿದೆ.

ಇದಕ್ಕೆ 2 ಮಿಲಿಮೀಟರ್ ದಪ್ಪದ, ಮೇಲೆ ಅಲ್ಯೂಮಿನಿಯಂ ಹಾಳೆಯಿರುವ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ (ತಗಡಿನ ಕಂಪನ ತಡೆಯುವ ರಬ್ಬರಿನ ಅಂಟುಹಾಳೆ) ಬೇಕು. ಬಾಗಿಲಿಗೆ ಸುಮಾರು ಒಂದು ಚದರ ಮೀಟರ್, ಎರಡಕ್ಕೆ 20-22 ಚದರಡಿ. ಅಗ್ಗದ ಡಾಂಬರಿನ ಶೀಟ್ ಬೇಡ, ಬೇಸಿಗೆಯಲ್ಲಿ ವಾಸನೆ ಬಿಟ್ಟು ಜಾರಿ ಗಾಜಿನ ಹಳಿಗೆ ಅಂಟಿಕೊಂಡರೆ ಕೆಲಸ ಎರಡಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತಗಡನ್ನು ಒರೆಸಿ, ಮೊದಲು ಕಿಂಡಿಯೊಳಗಿಂದ ಕೈ ಹಾಕಿ ಹೊರತಗಡಿನ ಒಳಮೈಗೆ ಅಂಟಿಸಬೇಕು. ಅಲ್ಲಿ ಪೂರ್ತಿ ಮುಚ್ಚಬೇಕಿಲ್ಲ, ಮಧ್ಯಭಾಗ ಸೇರಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಸ್ಪೀಕರಿನ ನೇರ ಹಿಂದೆ ಮಾತ್ರ ತಪ್ಪಬಾರದು. ರೋಲರ್ ಹಾಕಿ ಒತ್ತಿದಾಗ ಅಲ್ಯೂಮಿನಿಯಂ ಮೇಲಿನ ಉಬ್ಬುತಗ್ಗು ಚಪ್ಪಟೆಯಾದರೆ ಅಂಟು ಹಿಡಿದಿದೆ ಎಂದರ್ಥ. ಬೆರಳಲ್ಲಿ ತಟ್ಟಿ ನೋಡಿ. ಡಬಡಬ ಹೋಗಿ ದಪ್ ಎನ್ನಬೇಕು.

ನಂತರ ಒಳತಗಡಿನ ಕಿಂಡಿಗಳು. ಚಿಕ್ಕವಕ್ಕೆ ಶೀಟ್ ಸಾಕು. ದೊಡ್ಡದರ ಮೇಲೆ ಬರೀ ಶೀಟ್ ಎಳೆದರೆ ಅದೇ ತಮಟೆಯಂತೆ ಅಲುಗುತ್ತದೆ. ತೆಳು ಅಲ್ಯೂಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್ ತಗಡನ್ನು ಅಳತೆಗೆ ಕತ್ತರಿಸಿ ಸ್ಕ್ರೂ ಹಾಕಿ, ಅಂಚಿಗೆ ಬ್ಯೂಟೈಲ್ ಕೊಡಿ. ನಾಳೆ ಗಾಜಿನ ಮೋಟಾರ್ ಕೆಟ್ಟರೆ ಬಿಚ್ಚಲು ದಾರಿ ಇರುತ್ತದೆ. ಬಾಗಿಲಿನ ಅಡಿಯಂಚಿನಲ್ಲಿರುವ ನೀರು ಹೋಗುವ ತೂತುಗಳನ್ನು ಮಾತ್ರ ಮುಟ್ಟಕೂಡದು. ಗಾಜಿನ ರಬ್ಬರ್ ದಾಟಿ ಮಳೆನೀರು ಬಾಗಿಲೊಳಗೆ ಇಳಿಯುವುದು ತಪ್ಪಲ್ಲ, ಬಾಗಿಲನ್ನು ಮಾಡಿರುವುದೇ ಹಾಗೆ. ಆ ತೂತು ಮುಚ್ಚಿದರೆ ನಿಮ್ಮೂರಿನ ಮಳೆಗೆ ಎರಡೇ ವರ್ಷದಲ್ಲಿ ಬಾಗಿಲ ಅಡಿ ತುಕ್ಕು ಹಿಡಿಯುತ್ತದೆ.

ಸ್ಪೀಕರ್ ಆರೂವರೆ ಇಂಚಿನ ಕಾಂಪೊನೆಂಟ್ ಜೊತೆ ಇರಲಿ, ಅಂದರೆ ತಗ್ಗು ಸದ್ದಿನ ವೂಫರ್ ಬಾಗಿಲಲ್ಲಿ, ಏರು ಸದ್ದಿನ ಟ್ವೀಟರ್ ಬೇರೆಯಾಗಿ ಮೇಲೆ ಕನ್ನಡಿಯ ಮೂಲೆಯಲ್ಲಿ. ಭಾಗವತರ ದನಿಯ ಜೀವ ಇರುವುದು 200ರಿಂದ 4000 ಹರ್ಟ್ಜ್ ನಡುವೆ. ಎಲ್ಲ ಸದ್ದೂ ಮೊಣಕಾಲ ಹತ್ತಿರದಿಂದ ಬಂದರೆ ಹಾಡುವವರು ಪೆಡಲ್ ಪಕ್ಕ ಕೂತಂತಿರುತ್ತದೆ. ಟ್ವೀಟರ್ ಮೇಲಿದ್ದರೆ ದನಿ ಡ್ಯಾಶ್ ಮೇಲಕ್ಕೆ ಏರುತ್ತದೆ. ಅಂಗಡಿಯಲ್ಲಿ ಪರೀಕ್ಷೆಗೆ ಚೆಂಡೆ ಇರುವ ಯಕ್ಷಗಾನದ ಪದ ಹಾಕಿಸಿ. ಕೋಲಿನ ಪೆಟ್ಟು ಕಿವಿಗೆ ಚುಚ್ಚಿದರೆ ಆ ಟ್ವೀಟರ್ ದೂರದ ಪ್ರಯಾಣಕ್ಕೆ ಆಗದು, ಪೆಟ್ಟಿನ ಜೊತೆಗೆ ಮದ್ದಳೆಯ ನಾದವೂ ಬೇರೆಯಾಗಿ ಕೇಳಿದರೆ ಅದೇ ಸರಿ. ಸಿಲ್ಕ್ ಡೋಮ್ ಟ್ವೀಟರ್‌ಗಳು ಸಾಮಾನ್ಯವಾಗಿ ಮೆತ್ತಗಿರುತ್ತವೆ.

ಕೊಳ್ಳುವ ಮೊದಲು ಗಾಜನ್ನು ಪೂರ್ತಿ ಇಳಿಸಿ, ಸ್ಪೀಕರ್ ಕೂರುವ ಮುಖದಿಂದ ಗಾಜಿನವರೆಗೆ ಎಷ್ಟು ಜಾಗವಿದೆ ಅಳೆಯಿಸಿ. ಸ್ಪೀಕರಿನ ಆಳ ಅದಕ್ಕಿಂತ ಕನಿಷ್ಠ 5 ಮಿಲಿಮೀಟರ್ ಕಡಿಮೆ ಇರಬೇಕು. ಸಾಲದಿದ್ದರೆ ರಿಂಗ್ ಹಾಕಿ ಮುಂದಕ್ಕೆ ತರಬಹುದು. ಆ ರಿಂಗ್ ಎಂಡಿಎಫ್‌ನದಾದರೆ ಒಂದು ಮಳೆಗಾಲಕ್ಕೆ ಹಪ್ಪಳದಂತೆ ಉಬ್ಬುತ್ತದೆ, ಪ್ಲಾಸ್ಟಿಕ್ ರಿಂಗ್ ಕೇಳಿ. ಕ್ರಾಸ್‌ಓವರ್ ಡಬ್ಬಿಯನ್ನು (ವೂಫರಿಗೂ ಟ್ವೀಟರಿಗೂ ಸದ್ದು ಹಂಚುವುದು) ಬಾಗಿಲಿನ ನೀರಿನ ಬದಿಯಲ್ಲಿ ಇಡಿಸಬೇಡಿ.

ಜೋಡಿಸುವಾಗ ಆಗುವ ಸಾಮಾನ್ಯ ತಪ್ಪು ಒಂದು ಬದಿಯ ಪ್ಲಸ್ ಮೈನಸ್ ಅದಲು ಬದಲಾಗುವುದು. ಎರಡೂ ಸ್ಪೀಕರ್ ಹಾಡುತ್ತವೆ, ಆದರೆ ಬಾಸ್ ಮಾಯ, ದನಿ ಎಲ್ಲಿಂದ ಬರುತ್ತಿದೆ ಎಂದೇ ಗೊತ್ತಾಗದು. ಸೆಟ್ಟಿನ ಕಡೆ ವೈರ್ ಬಿಚ್ಚಿ, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಒಂದು ಕ್ಷಣ ತಾಗಿಸಿ ನೋಡಿದರೆ ಆಯಿತು. ಸೆಲ್ಲಿನ ಪ್ಲಸ್ ಬಿಳಿ ಅಥವಾ ಬೂದು ತಂತಿಗೆ ತಾಗಿದಾಗ ಎರಡೂ ಬದಿಯ ಶಂಕು ಹೊರಕ್ಕೆ ಬರಬೇಕು.

ಹಿಂದಿನ ಬಾಗಿಲ ಸ್ಪೀಕರ್‌ಗಳಿಗೆ ಈಗ ಒಂದು ರೂಪಾಯಿಯೂ ಬೇಡ. ಇದ್ದದ್ದು ಇರಲಿ, ಸದ್ದನ್ನು ಹಿಂದೆ ಮುಂದೆ ಹಂಚುವ ಫೇಡರನ್ನು ಮುಂದಕ್ಕೆ ಸರಿಸಿ.

ಸೆಟ್ಟಿಂಗ್‌ನಲ್ಲಿ ಹೈಪಾಸ್ 80 ಹರ್ಟ್ಜ್ ಇಡಿ, ಲೌಡ್‌ನೆಸ್ ಮತ್ತು ಬಾಸ್ ಬೂಸ್ಟ್ ಎರಡನ್ನೂ ಆರಿಸಿ. ಬಾಸನ್ನು 6 ಡೆಸಿಬೆಲ್ ಏರಿಸಿದಿರೆಂದರೆ ಅಲ್ಲಿ ನಾಲ್ಕು ಪಟ್ಟು ವಿದ್ಯುತ್ತು ಕೇಳಿದಿರಿ. 18 ವ್ಯಾಟ್‌ನ ಸೆಟ್ಟಿನ ಬಳಿ ಅದು ಇಲ್ಲ, ಸದ್ದು ಒಡೆಯುತ್ತದೆ. ಒಡೆದ ಸದ್ದಿಗೆ ಮೊದಲು ಸುಡುವುದು ಟ್ವೀಟರ್. ಟೈಮ್ ಅಲೈನ್‌ಮೆಂಟ್ ಇದ್ದರೆ ಅಳತೆ ಟೇಪ್ ಹಿಡಿಯಿರಿ. ಬಲಗಡೆ ಕೂತ ನಿಮ್ಮ ಕಿವಿಗೆ ಬಲ ಸ್ಪೀಕರ್ 90 ಸೆಂಟಿಮೀಟರ್, ಎಡದ್ದು 130 ಎಂದುಕೊಳ್ಳಿ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಆದ್ದರಿಂದ ಹತ್ತಿರದ ಬಲ ಸ್ಪೀಕರನ್ನು 1.2 ಮಿಲಿಸೆಕೆಂಡ್ ತಡ ಮಾಡಬೇಕು. ಗಾಯಕಿ ಬಲಬಾಗಿಲಿಂದ ಎದ್ದು ಡ್ಯಾಶಿನ ನಡುವಿಗೆ ಬಂದು ನಿಲ್ಲುತ್ತಾಳೆ. ಪಕ್ಕದ ಸೀಟಿನವರಿಗೆ ಇದು ಅಷ್ಟು ಹಿತವಲ್ಲ ಎನ್ನುವುದೂ ನಿಜ.

ಹಾಡಿನ ಮೂಲವನ್ನೂ ನೋಡಿ. 128 ಕೆಬಿಪಿಎಸ್‌ನ ಹಳೆಯ ಎಂಪಿ3ಗಳ ಕಸ ಹೊಸ ಸ್ಪೀಕರ್‌ನಲ್ಲಿ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ. ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಯಕ್ಷಗಾನದಲ್ಲಿ 80 ಹರ್ಟ್ಜ್‌ನ ಕೆಳಗೆ ಇರುವುದೇ ಅತ್ಯಲ್ಪ, ಬಾಸ್ ಟ್ಯೂಬ್ ಅದಕ್ಕೆ ಏನನ್ನೂ ಸೇರಿಸದು.

ಹಣದ ಲೆಕ್ಕಕ್ಕೆ ಮೇಲ್ಮಿತಿ ಹೇಳುತ್ತೇನೆ, ಇದನ್ನು ದಾಟಬೇಡಿ: ಸೆಟ್ಟಿಗೆ 7,000, ಮುಂದಿನ ಕಾಂಪೊನೆಂಟ್‌ಗೆ 5,500, ಡ್ಯಾಂಪಿಂಗ್ ಮತ್ತು ರಿಂಗ್‌ಗೆ 3,000, ಕಪ್ಲರ್, ವೈರ್, ಕೂಲಿಗೆ 2,000. ಒಟ್ಟು 17,500. ಒಂದು ತಿಂಗಳು ಹೀಗೇ ಓಡಿಸಿ. ಉಳಿದ 7,500 ಮಗನ ಪಾಲು. ಅದಕ್ಕೆ ಇನ್ನಷ್ಟು ಕೂಡಿಸಿ ನಾಲ್ಕು ಚಾನೆಲ್‌ನ ಡಿ ಕ್ಲಾಸ್ ಆಂಪ್ಲಿಫೈಯರ್ ತನ್ನಿ. ಎರಡು ಚಾನೆಲ್ ಮುಂಬಾಗಿಲಿಗೆ, ಉಳಿದೆರಡನ್ನು ಬ್ರಿಡ್ಜ್ ಮಾಡಿ (ಒಂದೇ ಚಾನೆಲ್ ಆಗಿ ಕೂಡಿಸಿ) ಬಾಸಿಗೆಂದೇ ಇರುವ 10 ಇಂಚಿನ ಸಬ್‌ವೂಫರ್‌ಗೆ. ಬ್ರಿಡ್ಜ್ ಮಾಡುವುದಾದರೆ ಸಬ್ 4 ಓಮ್‌ನದೇ ಇರಬೇಕು, 2 ಓಮ್ ಹಾಕಿದರೆ ಆಂಪ್ ಬಿಸಿಯಾಗಿ ನಿಂತುಹೋಗುತ್ತದೆ. 20 ಲೀಟರ್‌ನ ಮುಚ್ಚಿದ ಪೆಟ್ಟಿಗೆ ಸಾಕು. ಸ್ವಿಫ್ಟ್‌ನ ಡಿಕ್ಕಿ ಚಿಕ್ಕದು, ಸ್ಟೆಪ್ನಿ ತೆಗೆಯಲು ಪೆಟ್ಟಿಗೆ ಎತ್ತುವಂತಿರಲಿ.

ಆಂಪ್ಲಿಫೈಯರ್ ಬಂದರೆ ಕೇಬಲ್ ವಿಷಯದಲ್ಲಿ ಉಳಿತಾಯ ಬೇಡ. ಬ್ಯಾಟರಿಯಿಂದ ಹಿಂದಿನವರೆಗೆ 5 ಮೀಟರ್, 25 ಆಂಪಿಯರ್ ಎಂದರೆ 2.5 ಚದರ ಮಿಲಿಮೀಟರ್ ವೈರ್ ದಾರಿಯಲ್ಲೇ 0.86 ವೋಲ್ಟ್ ನುಂಗುತ್ತದೆ, 10 ಚದರ ಮಿಲಿಮೀಟರ್‌ನದು 0.22. ‘ಕಿಟ್’ ಹೆಸರಲ್ಲಿ ಮಾರುವ ದಪ್ಪ ಕೇಬಲ್ ಬಹಳಷ್ಟು ಸಲ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ 40 ಆಂಪಿಯರ್ ಫ್ಯೂಸ್ ಇರಬೇಕು. ಈ ಫ್ಯೂಸ್ ಆಂಪ್ ಕಾಯಲು ಅಲ್ಲ, ಕೇಬಲ್ ಎಲ್ಲಾದರೂ ಬಾಡಿಗೆ ತಾಗಿದರೆ ಗಾಡಿಗೆ ಬೆಂಕಿ ಬೀಳದಿರಲು. ಎಂಜಿನ್ ಕಡೆಯಿಂದ ಒಳಗೆ ಬರುವಾಗ ರಬ್ಬರ್ ಬುಷ್ ಮೂಲಕವೇ ಬರಲಿ. ಅರ್ಥಿಂಗ್‌ಗೆ ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಬೋಲ್ಟ್ ಹಾಕಿಸಿ. ಸೀಟ್ ಬೆಲ್ಟಿನ ಬೋಲ್ಟ್ ಮುಟ್ಟಬೇಡಿ.

ಆಂಪಿನ ಗೇನ್ ತಿರುಪು ವಾಲ್ಯೂಮ್ ಅಲ್ಲ, ಸೆಟ್ಟಿನ ಸಂಕೇತಕ್ಕೆ ಆಂಪನ್ನು ಹೊಂದಿಸುವುದು. ಸ್ಪೀಕರ್ ಬಿಚ್ಚಿ, ಸೆಟ್ಟನ್ನು ಮುಕ್ಕಾಲು ವಾಲ್ಯೂಮ್‌ಗೆ ಇಟ್ಟು, 300 ಹರ್ಟ್ಜ್ ಟೋನ್ ಹಾಕಿ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ. ಮೀಟರನ್ನು ಆಂಪಿನ ಸ್ಪೀಕರ್ ತುದಿಗಳಿಗೆ ಹಿಡಿದಾಗ, ಆಂಪ್ ಚಾನೆಲ್ಲಿಗೆ 50 ವ್ಯಾಟ್, ಸ್ಪೀಕರ್ 4 ಓಮ್ ಎಂದರೆ 14.1 ವೋಲ್ಟ್. ಅಷ್ಟು ಬಂದಲ್ಲಿ ಗೇನ್ ನಿಲ್ಲಿಸಿ. ಸಬ್‌ಗೆ 50 ಹರ್ಟ್ಜ್ ಟೋನ್, 150 ವ್ಯಾಟ್ ಆದರೆ 24.5 ವೋಲ್ಟ್. ಎಲ್ಲರೂ ಹೇಳುವ 1000 ಹರ್ಟ್ಜ್ ಟೋನ್ ಸಾದಾ ಮೀಟರ್‌ಗಳಿಗೆ ಹೊಂದದು, ಅವುಗಳ ಎಸಿ ಅಳತೆ ಸಾಮಾನ್ಯವಾಗಿ 400 ಹರ್ಟ್ಜ್ ದಾಟಿದರೆ ತಪ್ಪುತ್ತದೆ.

ಆಕ್ಸಿಲರೇಟರ್ ಒತ್ತಿದಂತೆ ಏರುವ ‘ಕುಯ್ಯ್’ ಸದ್ದು ಬಂದರೆ ಆಲ್ಟರ್ನೇಟರಿನ ಕಸ ಒಳಬರುತ್ತಿದೆ. ಎಲ್ಲ ಆರಿಸಿ ಆಂಪಿನ ಆರ್‌ಸಿಎ ವೈರ್ ಕಿತ್ತು, ಮತ್ತೆ ಆನ್ ಮಾಡಿ. ಸದ್ದು ನಿಂತಿದ್ದರೆ ತಪ್ಪು ಸೆಟ್ಟಿನ ಅರ್ಥಿಂಗ್‌ನಲ್ಲೋ ಆರ್‌ಸಿಎ ಹಾದಿಯಲ್ಲೋ ಇದೆ, ನಿಲ್ಲದಿದ್ದರೆ ಆಂಪಿನ ಅರ್ಥಿಂಗ್ ಸರಿಯಿಲ್ಲ. ಪವರ್ ಕೇಬಲ್ ಗಾಡಿಯ ಒಂದು ಬದಿಯಲ್ಲಿ, ಆರ್‌ಸಿಎ ಇನ್ನೊಂದು ಬದಿಯಲ್ಲಿ ಹೋಗಿದ್ದರೆ ಈ ತಲೆನೋವು ಬಹುಪಾಲು ಬರುವುದೇ ಇಲ್ಲ.

ಕೂಲಿ ಕೊಡುವ ಮೊದಲು ಒಂದು ಕೆಲಸ ಬಾಕಿ ಇದೆ. ಗಾಜು ಏರಿಸಿ, ಎರಡೂ ಮುಂಬಾಗಿಲಿನ ಗಾಜಿನ ಮೇಲೆ ಪೈಪಿನಿಂದ ಮೂರು ನಿಮಿಷ ನೀರು ಬಿಡಿಸಿ. ನೀರು ಬಾಗಿಲಿನ ಅಡಿಯ ತೂತಿನಿಂದ ಧಾರೆಯಾಗಿ ಹೊರಬರಬೇಕು. ಒಳಗೆ ಡೋರ್ ಪ್ಯಾಡಿನ ಕೆಳಗಿನ ಮ್ಯಾಟ್ ಎತ್ತಿ ಕಾರ್ಪೆಟ್ ಮುಟ್ಟಿ ನೋಡಿ. ತೇವ ಕಂಡರೆ ಪ್ಯಾಡ್ ಅಲ್ಲೇ ಬಿಚ್ಚಿಸಿ, ಜೂನ್ ಬರುವವರೆಗೆ ಬಿಡಬೇಡಿ.